ಅಧ್ಯಕ್ಷರ ಹೆಂಡತಿಯ ನಿದ್ದೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆಳೆದವರಿಗೆ ಸದ್ದಾದರೆ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಎಚ್ಚರವಾಗುತ್ತದೆ. ಬೇರೆ ಊರಿನವರಿಗೆ ಇದನ್ನು ಹೇಳಿ ನಂಬಿಸುವುದು ಕಷ್ಟ. ಬಂದ ನೆಂಟರು ಪವರ್‌ಲೂಮಿನ ಆರ್ಭಟಕ್ಕೆ ಕಿವಿಯ ಮೇಲೆ ದಿಂಬು ಒತ್ತಿಕೊಂಡು ಹೊರಳಾಡುತ್ತಿದ್ದರೆ, ಮನೆಯವರು ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ, ಗೊರಕೆಯನ್ನೂ ಮಗ್ಗದ ತಾಳಕ್ಕೆ ಹೊಂದಿಸಿಕೊಂಡು ಮಲಗಿರುತ್ತಾರೆ. ತೊಟ್ಟಿಲ ಕೂಸಿಗೂ ಅಲ್ಲಿ ಯಾರೂ ಜೋಗುಳ ಹಾಡಿದವರಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತವೆನ್ನಿ, ಇಡೀ ಬೀದಿ ದಿಗ್ಗನೆ ಎದ್ದು ಕೂತು ಒಂದೇ ಬಾಯಲ್ಲಿ ಕೇಳುತ್ತದೆ: "ಕರೆಂಟ್ ಹೋಯ್ತಾ?"

ಗೋವಿಂದರಾಜು ಅವರ ಹೆಂಡತಿ ವರಲಕ್ಷ್ಮಮ್ಮ ಮದುವೆಯಾಗಿ ಬಂದಂದಿನಿಂದ ಆ ಸದ್ದಿನಲ್ಲೇ ಮಲಗಿದವರು. ಹಗಲೆಲ್ಲ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ, ಕತ್ತಲಾದ ಮೇಲೆ ಮಗ್ಗದ ಕೋಣೆಯ ಗೋಡೆಗೆ ತಲೆಕೊಟ್ಟರೆ ಮುಗಿಯಿತು. ನೆಲ ನಡುಗಬೇಕು, ಗೋಡೆ ಗುಂಯ್ ಎನ್ನಬೇಕು, ಮಂಚದ ಕಾಲು ಕುಟುಕುಟು ಎನ್ನಬೇಕು. ಆಗ ಅವರಿಗೆ ಲೋಕವೆಲ್ಲ ಸರಿಯಾಗಿದೆ ಎನಿಸಿ ಕಣ್ಣು ಮುಚ್ಚುತ್ತಿತ್ತು.

ದೇವನಹಳ್ಳಿಗೆ ವಿಮಾನಗಳು ಬಂದಿಳಿಯತೊಡಗಿದ ವರ್ಷಗಳಲ್ಲಿ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಸೂರತ್ತಿನ ಸೀರೆ ನಮ್ಮ ನೂಲಿಗಿಂತ ಅಗ್ಗಕ್ಕೆ ಸಿಗುತ್ತಿತ್ತು. ಹುಡುಗರೆಲ್ಲ ವಿಮಾನ ನಿಲ್ದಾಣದ ಸಮವಸ್ತ್ರ ತೊಟ್ಟರು. ಗೋವಿಂದರಾಜು ಅವರ ಮಗನೂ ಅಲ್ಲಿ ಲಗೇಜು ಏರಿಸುವ ಕೆಲಸಕ್ಕೆ ಸೇರಿ, "ಸಾಕು ಬಿಡಪ್ಪಾ, ಇನ್ನು ಆರಾಮಾಗಿರಿ" ಎಂದ. ಮಗ್ಗಗಳನ್ನು ಗುಜರಿಯವನು ಲಾರಿಗೆ ಹೇರಿಕೊಂಡು ಹೋದ. ಆ ಸಂಜೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಆ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ವರಲಕ್ಷ್ಮಮ್ಮನಿಗೆ ನಿದ್ದೆ ಬರಲಿಲ್ಲ.

ಗೋವಿಂದರಾಜು ಮಾಡದ ಉಪಾಯವಿಲ್ಲ. ಗಸಗಸೆ ಪಾಯಸ ಮಾಡಿಸಿದರು. ಅದನ್ನು ಕುಡಿದು ತಾವು ತೂಕಡಿಸಿದರು, ಹೆಂಡತಿ ಕಣ್ಣು ಬಿಟ್ಟುಕೊಂಡೇ ಇದ್ದರು. ದಣಿವಾದರೆ ನಿದ್ದೆ ಬಂದೀತೆಂದು ಶಿವಗಂಗೆ ಬೆಟ್ಟ ಹತ್ತಿಸಿದರು. ಮಂಡಿ ನೋವು ಬಂತು. ಮಗ ಮೊಬೈಲಿನಲ್ಲಿ ಮಗ್ಗದ ಸದ್ದು ಹಿಡಿದು ತಂದ. ಅದು ಡಬ್ಬಿಯಲ್ಲಿ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಕೇಳಿಸಿತು, ಮಂಚ ಅಲುಗಲಿಲ್ಲ. ಖಾಲಿ ಮಿಕ್ಸಿಯನ್ನು ಮಂಚದ ಕಾಲಿಗೆ ಕಟ್ಟಿ ತಿರುಗಿಸಿದರು. ಮಿಕ್ಸಿ ಸುಟ್ಟುಹೋಗಿ, ಸೊಸೆ ಶಾಮಲಾ ವಾರವಿಡೀ ಒರಳಿನಲ್ಲಿ ಚಟ್ನಿ ರುಬ್ಬಿದಳು. ವಿಮಾನಗಳಾದರೂ ತಲೆಯ ಮೇಲೆ ಹಾಯುತ್ತವಲ್ಲ ಎಂದು ಆಸೆಪಟ್ಟರೆ, "ಅದೇನ್ ಸದ್ದು ರೀ, ಕಣ್ಣು ಹತ್ತೋಷ್ಟರಲ್ಲಿ ಹೊರಟೇ ಹೋಗ್ತದೆ" ಎಂದರು ವರಲಕ್ಷ್ಮಮ್ಮ. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಮೂವತ್ತು ವರ್ಷ ಎಳೆ ಕಡಿಯದಂತೆ ನೂಲು ಸುತ್ತಿದ ಕೈಯಿಂದ ಕಾಫಿ ಲೋಟ ಜಾರತೊಡಗಿತು. ಚೆಲ್ಲಿದ ಕಾಫಿಯನ್ನು ಗೋವಿಂದರಾಜು ಸೊಸೆ ನೋಡುವ ಮೊದಲೇ ಒರೆಸಿಬಿಡುತ್ತಿದ್ದರು.

ಹೀಗಿರುವಾಗ ಪಕ್ಕದ ಮನೆಯ ಹನುಮಂತರಾಯಪ್ಪ ತನ್ನ ಖಾಲಿ ಮಗ್ಗದ ಶೆಡ್ಡನ್ನು ಬಾಡಿಗೆಗೆ ಕೊಟ್ಟು ಯಲಹಂಕ ಸೇರಿಕೊಂಡ. ಬಾಡಿಗೆಗೆ ಹಿಡಿದವನು ಜಯಕುಮಾರ್ ಎಂಬ ಕುದುರೆಬಾಲದ ಜುಟ್ಟಿನ ಯುವಕ. ಊರ ಹೊರಗೆ ಎಂಜಿನಿಯರಿಂಗ್ ಕಾಲೇಜು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಎದ್ದಿದ್ದವು. ಅಷ್ಟೊಂದು ಹುಡುಗರು ಸಂಜೆ ಎಲ್ಲಿಗೆ ಹೋಗಬೇಕು? ಶೆಡ್ಡಿಗೆ ಕಪ್ಪು ಬಣ್ಣ ಬಳಿದು, ಹಳೆಯ ಲಾಳಿಗಳನ್ನು ಗೋಡೆಗೆ ಮೊಳೆ ಹೊಡೆದು, ಬಾಗಿಲಿಗೆ 'ದಿ ಲೂಮ್ ಹೌಸ್, ಬಾರ್ ಅಂಡ್ ಲೈವ್ ಮ್ಯೂಸಿಕ್' ಎಂಬ ಬೋರ್ಡು ತೂಗುಹಾಕಿದ.

ಬೀದಿ ಕೆರಳಿತು. ರಾಮಮಂದಿರದ ಜಗಲಿಯ ಮೇಲೆ ಸಭೆ ಸೇರಿತು. ಸಭೆ ಕರೆದವರು ಉಮಾಶಂಕರ್. ಇವರು ತಿಪಟೂರಿನ ಕಡೆಯಿಂದ ಬಂದು ಬೀದಿಯ ತುದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು. ನೇಕಾರರಲ್ಲ, ಆದರೆ ಬೀದಿಯಲ್ಲಿ ಅರ್ಜಿ ಬರೆಯಬಲ್ಲವರು ಅವರೊಬ್ಬರೇ ಆದ್ದರಿಂದ ಎಲ್ಲ ಹೋರಾಟಕ್ಕೂ ಅವರೇ ಕಾರ್ಯದರ್ಶಿ.

"ಕುಡಿತ ಮನೆ ಹಾಳು ಮಾಡ್ತದೆ ಅಂತ ಬರೀರಿ" ಎಂದರು ಮಹಿಳಾ ಸಂಘದ ಅನುಸೂಯಮ್ಮ. ಅವರು ಕೂಗಿದರೆ ತಾಲ್ಲೂಕು ಕಚೇರಿಗೆ ಅರ್ಜಿಯೇ ಬೇಕಿರಲಿಲ್ಲ.

"ಲೈಸೆನ್ಸ್ ಕೊಟ್ಟಿರೋರೇ ಸರ್ಕಾರ ಕಣಮ್ಮಾ. ಹಂಗ್ ಬರೆದ್ರೆ ಅವ್ರಿಗೇ ಬೇಜಾರಾಗ್ತದೆ" ಎಂದರು ಉಮಾಶಂಕರ್.

"ಕಾಲೇಜು ಮಕ್ಕಳು ಕೆಟ್ಟೋಗ್ತಾರೆ ಅಂತ ಹಾಕಿ" ಎಂದರು ಮುನಿವೆಂಕಟಪ್ಪ, ಬೀದಿಯ ಹಿರಿಯ ನೇಕಾರರು.

"ಕಾನೂನು ಹೇಳೋ ಅಂತರಕ್ಕಿಂತ ಕಾಲೇಜು ದೂರ ಇದೆ, ಈ ದೇವಸ್ಥಾನನೂ ದೂರ ಇದೆ. ಟೇಪ್ ಹಿಡಿದು ನೋಡಿ ಬಂದಿದೀನಿ. ಇರೋದೊಂದೇ ದಾರಿ, ಸದ್ದು! ಸದ್ದಿಂದ ಯಾರಿಗೂ ನಿದ್ದೆ ಬರ್ತಿಲ್ಲ ಅಂತ ಬರೀಬೇಕು. ನಿದ್ದೆ ವಿಷಯ ಬಂದ್ರೆ ಯಾವ ಅಧಿಕಾರಿನೂ ಇಲ್ಲ ಅನ್ನೋಕಾಗಲ್ಲ."

"ಇನ್ನೂ ಬಾಗಿಲೇ ತೆಗ್ದಿಲ್ವಲ್ಲಪ್ಪಾ?"

"ತೆಗೆದ್ಮೇಲೆ ಬರಲ್ಲ ತಾನೇ? ಈಗ್ಲೇ ಸೈನ್ ಹಾಕಿ, ಯಜಮಾನ್ರೇ."

ಇಡೀ ಜೀವಮಾನ ಪವರ್‌ಲೂಮಿನ ಹೊಟ್ಟೆಯೊಳಗೆ ಕಳೆದ ಬೀದಿಯೊಂದು ಸದ್ದಿನ ಮೇಲೆ ದೂರು ಕೊಡುತ್ತಿದೆ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಇನ್ನು ಅಧ್ಯಕ್ಷರು ಯಾರು? ಬಾರಿಗೆ ಗೋಡೆ ತಾಗಿಸಿಕೊಂಡಿರುವ ಮನೆ ಗೋವಿಂದರಾಜು ಅವರದು. ಹೆಚ್ಚು ಕಷ್ಟ ಯಾರಿಗೋ ಅವರೇ ಅಧ್ಯಕ್ಷರಾಗಲಿ ಎಂದು ತೀರ್ಮಾನವಾಯಿತು.

ಗೋವಿಂದರಾಜು ಹುಟ್ಟಿದಾಗಿನಿಂದ ಯಾವುದಕ್ಕೂ ಅಧ್ಯಕ್ಷರಾಗಿರಲಿಲ್ಲ. ರಾಮನವಮಿ ಬಂದರೆ ಪಾನಕಕ್ಕೆ ಬೆಲ್ಲ ಕುಟ್ಟುವುದು ಅವರ ಪಾಲಿನ ಕೆಲಸ. ಅವರ ಸ್ವಂತ ಮದುವೆಯ ಫೋಟೋದಲ್ಲೂ ಪುರೋಹಿತರ ಮೊಣಕೈ ಅವರ ಅರ್ಧ ಮುಖವನ್ನು ಮುಚ್ಚಿತ್ತು. ಹಾಗಿರುವಾಗ ಉಮಾಶಂಕರ್ ಎದ್ದು ನಿಂತು, "ಅಧ್ಯಕ್ಷರೇ, ಮೊದಲ್ನೇ ಸೈನ್ ತಮ್ದು" ಎಂದಾಗ ಅವರ ಕಿವಿ ಬೆಚ್ಚಗಾಯಿತು. ಆ ಮಾತನ್ನು ಇನ್ನೊಮ್ಮೆ ಕೇಳಬೇಕೆನಿಸಿ, "ಯಾರು, ನಾನಾ?" ಎಂದರು. "ತಾವೇ ಅಧ್ಯಕ್ಷರೇ" ಎಂದರು ಉಮಾಶಂಕರ್. ಗೋವಿಂದರಾಜು ಅಡಿಗೆರೆಯನ್ನೂ ಸೇರಿಸಿ ಸಹಿ ಹಾಕಿದರು.

ಬಾರು ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಸಂಜೆ ಏಳಕ್ಕೆ ವರಲಕ್ಷ್ಮಮ್ಮ ಗೋಡೆಗೆ ಒರಗಿ, ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಗೋವಿಂದರಾಜು ಮರುದಿನದ ಧರಣಿಯಲ್ಲಿ ಮಾಡಬೇಕಾದ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಪಕ್ಕದಲ್ಲಿ ಯಾರೋ ಒನ್, ಟೂ, ಥ್ರೀ ಎಂದರು. ಗೋಡೆ ಗುಂಯ್ ಎಂದಿತು. ಕಪಾಟಿನ ಸ್ಟೀಲ್ ಲೋಟಗಳು ಕುಟುಕುಟು ಎಂದವು. ಮಂಚದ ಕಾಲು ಅಲುಗಿತು.

"ನೋಡಿದ್ಯೇನೇ ಅನ್ಯಾಯಾನ!" ಎಂದು ಗೋವಿಂದರಾಜು ತಿರುಗಿದರು. ಹೆಂಡತಿಯ ಕೈಯಿಂದ ಅವರೆಕಾಯಿ ಜಾರಿತ್ತು. ತಲೆ ವಾಲಿತ್ತು. ಬಾಯಿ ತೆರೆದಿತ್ತು.

ಅಧ್ಯಕ್ಷರ ಜೀವ ಬಾಯಿಗೆ ಬಂತು. ಓಡಿಹೋಗಿ ಮೂಗಿನ ಹತ್ತಿರ ಬೆರಳು ಹಿಡಿದರು. ಉಸಿರಿತ್ತು. ಬರೀ ಉಸಿರಲ್ಲ, ಅದರ ಹಿಂದೆ ಸಣ್ಣಗೆ, ಎಷ್ಟೋ ತಿಂಗಳಿಂದ ಮನೆಯಲ್ಲಿ ಕೇಳದೇ ಹೋಗಿದ್ದ ಆ ಗೊರಕೆ ಇತ್ತು. ಗೋವಿಂದರಾಜು ಹಾಗೇ ನೆಲಕ್ಕೆ ಕುಸಿದು ಕೂತರು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಗೊರಕೆ ಕೇಳಿ ಅವರಿಗೆ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಧರಣಿಗೆ ಹೆಂಗಸರನ್ನು ಸೇರಿಸಲು ಹೊರಟಿದ್ದ ಅನುಸೂಯಮ್ಮ ಒಳಗೆ ಬಂದರು. ಚೆಲ್ಲಿದ ಅವರೆಕಾಯಿ, ವಾಲಿದ ತಲೆ, ಕಣ್ಣೀರಿಡುತ್ತಿರುವ ಗಂಡ. "ಅಯ್ಯಯ್ಯೋ! ಏನಾಯ್ತು ವರಲಕ್ಷ್ಮಮ್ಮಂಗೆ?"

ಈಗ ಗೋವಿಂದರಾಜು ಏನು ಹೇಳಬೇಕು? ಈ ಸದ್ದಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ ಎಂದು ಬರೆದುಕೊಟ್ಟವರಲ್ಲಿ ಮೊದಲನೆಯವರೇ ಅವರು. "ಸದ್ದು... ಸದ್ದು ಶುರುವಾಯ್ತು... ಹಂಗೇ ವಾಲ್ಕೊಂಬಿಟ್ಲು" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಪ್ರಜ್ಞೆ ತಪ್ಪಿದೆ!" ಎಂದು ಅನುಸೂಯಮ್ಮ ಚೊಂಬಿನ ನೀರನ್ನು ಮುಖಕ್ಕೆ ಎರಚಿದರು. ವರಲಕ್ಷ್ಮಮ್ಮ "ಹ್ಞೂಂ" ಎಂದು ಆ ಕಡೆ ಹೊರಳಿ ಮಲಗಿದರು. "ನೀರು ಹಾಕಿದ್ರೂ ಏಳ್ತಿಲ್ವಲ್ಲಪ್ಪಾ!" ಎಂದು ಬೀದಿಗೆ ಓಡಿದರು ಅನುಸೂಯಮ್ಮ. ಸುದ್ದಿ ಹರಡುವುದಕ್ಕೆ ಪತ್ರಿಕೆ ಬೇಕಿರಲಿಲ್ಲ. ಆದರೂ ಪತ್ರಿಕೆಯಲ್ಲಿ ಬಂತು: ಬಾರಿನ ಸದ್ದಿಗೆ ಮಹಿಳೆ ಅಸ್ವಸ್ಥ.

ರಾತ್ರಿ ವಾದ್ಯ ನಿಂತಾಗ ಅರೆಗಣ್ಣು ಬಿಟ್ಟರೂ, ತಿಂಗಳುಗಟ್ಟಲೆಯ ಬಾಕಿ ನಿದ್ದೆ ಮತ್ತೆ ಎಳೆದುಕೊಂಡಿತ್ತು. ಬೆಳಿಗ್ಗೆ ವರಲಕ್ಷ್ಮಮ್ಮ ಹಾಯಾಗಿ ಮೈಮುರಿದು ಎದ್ದಾಗ ಮನೆ ತುಂಬ ಜನ. ಹಿಂದೂಪುರದಿಂದ ತಂಗಿ ಅಮ್ಮಯಮ್ಮ ಎಳನೀರಿನ ಗೊನೆಯೊಂದಿಗೆ ಬಂದು, "ಅಕ್ಕಯ್ಯಾ, ನನ್ ಗುರ್ತು ಸಿಕ್ತಾ?" ಎಂದು ಅಳುತ್ತಿದ್ದಳು.

"ನಿನ್ ಗುರ್ತು ಸಿಗ್ದೆ ಏನೇ? ನಂಗೇನಾಗಿದೆ?"

"ಪಾಪ, ಏನೂ ನೆನಪಿಲ್ಲ" ಎಂದು ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಲ್ಲಿಂದ ಮುಂದೆ ವರಲಕ್ಷ್ಮಮ್ಮ ಏನು ಮಾಡಿದರೂ ಅದು ಕಾಯಿಲೆಯೇ ಆಯಿತು. ಚೆನ್ನಾಗಿ ನಿದ್ದೆ ಮಾಡಿ ಮುಖ ತುಂಬಿಕೊಂಡಿದ್ದನ್ನು ನೋಡಿ "ಬಾವು ಬಂದಿದೆ" ಎಂದರು. ಹಸಿವಾಗಿ ಎರಡನೇ ಮುದ್ದೆ ಹಾಕಿಸಿಕೊಂಡರೆ "ಊಟ ಮಾಡಿದ್ದೂ ಮರ್ತೋಗಿದೆ" ಎಂದರು. ಅಡುಗೆಮನೆಯಲ್ಲಿ ಹಳೆಯ ಸೋಬಾನೆಯೊಂದನ್ನು ಗುನುಗಿದಾಗ ಅಮ್ಮಯಮ್ಮ ಗಾಬರಿಯಿಂದ ದೃಷ್ಟಿ ತೆಗೆದಳು. ಸಾರಿಗೆ ಉಪ್ಪು ಒಂದೇ ಸಲ ಬಿದ್ದಿತ್ತು. ಅದನ್ನು ಗಮನಿಸಿದವಳು ಸೊಸೆ ಶಾಮಲಾ ಒಬ್ಬಳೇ. ದೊಡ್ಡಬೆಳವಂಗಲದ ಹೊಲಮನೆಯಲ್ಲಿ ಬೆಳೆದ ಅವಳಿಗೆ ಈ ಬೀದಿಯ ಕಿವಿಗಳ ರೀತಿನೀತಿ ಮದುವೆಯಾದ ಮೊದಲ ವಾರವೇ ಅರ್ಥವಾಗಿತ್ತು. ಅವಳು ಅತ್ತೆಯನ್ನು ನೋಡಿ ಸುಮ್ಮನೆ ನಕ್ಕಳು.

ಮರೆಯಲ್ಲಿ ಸಿಕ್ಕಾಗ ಗೋವಿಂದರಾಜು ಹೆಂಡತಿಗೆ ನಡೆದದ್ದನ್ನು ಹೇಳಿದರು. ವರಲಕ್ಷ್ಮಮ್ಮನ ಮುಖ ಕೆಂಪಾಯಿತು. "ಬಾರಿನ ಹಾಡಿಗೆ ನಿದ್ದೆ ಬಂತು ಅಂತ ಯಾರ್ಗಾದ್ರೂ ಗೊತ್ತಾದ್ರೆ ನಾನು ಅರಿಶಿನ ಕುಂಕುಮಕ್ಕೆ ಹೋಗೋದು ಹೆಂಗ್ರೀ? ನನ್ನಾಣೆ, ಬಾಯಿ ಬಿಡ್ಬೇಡಿ."

"ಬಿಡಲ್ಲ. ಆದ್ರೆ ನಿದ್ದೆ ಚೆನ್ನಾಗಿ ಬಂತಾ?"

ವರಲಕ್ಷ್ಮಮ್ಮ ಸೆರಗಿನ ತುದಿ ನೋಡುತ್ತ, "ಮಗ್ಗ ವಾಪಸ್ ಬಂದಂಗಾಯ್ತು" ಎಂದರು.

ಆದರೆ ಪತ್ರಿಕೆಯನ್ನು ಜಯಕುಮಾರನೂ ಓದಿದ್ದ. ಸೇಬು, ಮೂಸಂಬಿ ಹಿಡಿದು ಬಂದು, ವರಲಕ್ಷ್ಮಮ್ಮನ ಕಾಲು ಮುಟ್ಟಿ, "ಆಂಟಿ, ನೀವು ಹುಷಾರಾಗೋ ತನಕ ಒಂದು ತಂತೀನೂ ಮೀಟಲ್ಲ" ಎಂದು ಪ್ರಮಾಣ ಮಾಡಿದ. ಬೀದಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರಿಗೆ ಹಾರ ಬಿತ್ತು. ಆ ಸಂಜೆ ಗಡಿಯಾರ ಮತ್ತೆ ಕೇಳಿಸಿತು. ವರಲಕ್ಷ್ಮಮ್ಮ ಮತ್ತೆ ಕಣ್ಣು ಬಿಟ್ಟುಕೊಂಡು ಮಲಗಿದರು. ಹಾರದ ಚೆಂಡುಹೂವು ಬಾಡುವಷ್ಟರಲ್ಲಿ ಸಾರು ಮತ್ತೆ ಉಪ್ಪಾಯಿತು.

ಗೋವಿಂದರಾಜು ತಡೆದುಕೊಂಡು ನೋಡಿದರು. ಆಗಲಿಲ್ಲ. ಒಂದು ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ, ತಲೆಗೆ ಟವೆಲ್ ಮುಚ್ಚಿಕೊಂಡು, ಹಿತ್ತಿಲ ಬಾಗಿಲಿನಿಂದ ಬಾರು ಹೊಕ್ಕರು. ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು. ಜಯಕುಮಾರ್ ಕೆನ್ನೆಗೆ ಕೈಕೊಟ್ಟು ಕೂತಿದ್ದ. ಕಾಲೇಜಿನ ಹುಡುಗಿಯೊಬ್ಬಳು ಉದ್ದ ಕತ್ತಿನ ಗಿಟಾರನ್ನು ಒರೆಸುತ್ತಿದ್ದಳು; ಅವಳ ಹೆಸರು ಯಶಸ್ವಿನಿ.

"ಏನಪ್ಪಾ, ನಿಲ್ಲಿಸ್ಬಿಟ್ಯಲ್ಲ?" ಎಂದರು ಗೋವಿಂದರಾಜು.

"ನೀವೇ ನಿಲ್ಲಿಸಿ ಅಂದ್ರಲ್ಲ ಅಂಕಲ್?"

"ಅಂದೆ. ಸಮಿತಿ ಪರವಾಗಿ ಅಂದೆ. ಈಗ ವೈಯಕ್ತಿಕವಾಗಿ ಬಾರ್ಸು ಅಂತಿದೀನಿ. ಸ್ವಲ್ಪ ಜೋರಾಗೇ ಬಾರ್ಸು."

ಜಯಕುಮಾರನಿಗೆ ಅನುಮಾನ ಬಂತು. "ಯಾಕೆ? ರೆಕಾರ್ಡ್ ಮಾಡ್ಕೊಂಡು ಸಾಹೇಬ್ರಿಗೆ ಕೊಡಕ್ಕಾ? ನೋಡಿ ಅಂಕಲ್, ನಂದು ಬಡ ಹೋಟ್ಲು..."

ಹೆಂಡತಿಯ ಆಣೆ ನೆನಪಾಗಿ ಗೋವಿಂದರಾಜು ಕಾರಣ ನುಂಗಿಕೊಂಡರು. "ಹಾಡು ಬೇಕಾಗಿಲ್ಲಪ್ಪಾ. ಈ ಕಿರುಚೋದೂ ಬೇಡ. ಆವತ್ತು ಒಂದು ಗುಂಯ್ ಅಂತಿತ್ತಲ್ಲ, ದಪ್ಪಗೆ, ಕಾಲಡಿಯಿಂದ ಬರೋದು, ಅದು ಯಾವ್ದು?"

"ಇದಾ ಅಂಕಲ್?" ಎಂದು ಯಶಸ್ವಿನಿ ದಪ್ಪ ತಂತಿಯನ್ನು ಮೀಟಿದಳು.

ಆಳೆತ್ತರದ ಸ್ಪೀಕರು ಗುಂಯ್ ಎಂದಿತು. ಗೋವಿಂದರಾಜು ಅದರ ಮೇಲೆ ಅಂಗೈ ಇಟ್ಟು, "ಇದೇ, ಇದೇ... ಇನ್ನೊಂಚೂರು" ಎಂದರು. ಅವಳು ಇನ್ನೊಂಚೂರು ಮೀಟಿದಳು. ಅವರು ಭುಜ ಒರಗಿಸಿದರು. ಅವಳು ಮೀಟುತ್ತಲೇ ಇದ್ದಳು. ಅವರು ಕೆನ್ನೆಯನ್ನೂ ಒರಗಿಸಿದರು. ಟವೆಲ್ಲು ಕೆಳಗೆ ಬಿತ್ತು. ಅಧ್ಯಕ್ಷರು ಸ್ಪೀಕರನ್ನು ತಬ್ಬಿಕೊಂಡೇ ನೆಲಕ್ಕೆ ಜಾರಿದರು.

"ಇವ್ರೂ ಹೋದ್ರು!" ಎಂದು ಕಿರುಚಿದ ಜಯಕುಮಾರ್. ನೀರು ಹುಡುಕುವಷ್ಟು ತಾಳ್ಮೆಯಿಲ್ಲದೆ ಎರಡು ಬಾಟಲಿ ಸೋಡಾ ಒಡೆದು ಮುಖಕ್ಕೆ ಸುರಿದ. ತಂತಿ ನಿಂತಿತು. ಗೋವಿಂದರಾಜು ದಿಗ್ಗನೆ ಎದ್ದು, "ಕರೆಂಟ್ ಹೋಯ್ತಾ?" ಎಂದರು.

ಕಿರುಚಾಟ ಕೇಳಿ ಬೀದಿ ಓಡಿಬಂದಿತ್ತು. ಒದ್ದೆ ಷರ್ಟಿನ ಅಧ್ಯಕ್ಷರನ್ನು ಉಮಾಶಂಕರ್ ಕೈಹಿಡಿದು ಹೊರಗೆ ಕರೆತಂದು, ಎಲ್ಲರ ಮುಂದೆ ಘೋಷಿಸಿದರು: "ಶತ್ರು ಪಾಳಯಕ್ಕೆ ಒಬ್ರೇ ನುಗ್ಗಿ, ಸದ್ದಿಗೆ ಎದೆ ಕೊಟ್ಟು ಬಿದ್ದಿದಾರೆ! ಇಂಥಾ ಅಧ್ಯಕ್ಷರು ಎಲ್ಲಿ ಸಿಗ್ತಾರೆ?" ಇನ್ನೊಂದು ಹಾರ ಬಿತ್ತು. ಒಬ್ಬಿಬ್ಬರು ಅಪ್ಪಿಕೊಳ್ಳುವ ನೆಪದಲ್ಲಿ ಬಾಯಿಯ ವಾಸನೆ ನೋಡಿದರು, ಬರೀ ಸೋಡಾ. ಗೋವಿಂದರಾಜು ಬಾಯಿ ತೆರೆದಾಗಲೆಲ್ಲ "ಮಾತಾಡ್ಬೇಡಿ, ಆಯಾಸ ಆಗ್ತದೆ" ಎಂದು ಎಳನೀರು ಕುಡಿಸಿದರು.

ದಂಪತಿ ಇಬ್ಬರೂ ಬಿದ್ದ ಮೇಲೆ ಜಿಲ್ಲಾ ಕಚೇರಿ ಸುಮ್ಮನಿರುವಂತಿಲ್ಲ. ಸದ್ದು ಅಳೆಯುವ ಯಂತ್ರದೊಂದಿಗೆ ಸಂಜೀವಪ್ಪ ಎಂಬ ಅಧಿಕಾರಿ ಬರುವರೆಂದು ತಿಳಿಯಿತು. ಅಳತೆ ಜಾಸ್ತಿ ಬಂದು, ಬೀದಿಯವರು ನಿದ್ದೆ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿಬಿಟ್ಟರೆ ಆ ಶೆಡ್ಡಿನಲ್ಲಿ ಇನ್ನೆಂದೂ ವಾದ್ಯ ನುಡಿಯುವುದಿಲ್ಲ. ಗೋವಿಂದರಾಜು ಹೆಂಡತಿಯ ಮುಖ ನೋಡಿದರು. ಕಣ್ಣುಗಳು ಗುಳಿ ಬಿದ್ದಿದ್ದವು. ಗೆದ್ದರೆ ತಾವು ಸೋಲುತ್ತೇವೆ ಎಂಬುದು ಅವರಿಗೆ ಗೊತ್ತಿತ್ತು. ಸೋಲುವುದು ಹೇಗೆಂದು ಗೊತ್ತಿರಲಿಲ್ಲ.

ಸರ್ಕಾರಿ ಕೆಲಸ ಕಚೇರಿ ವೇಳೆಯಲ್ಲೇ ಆಗಬೇಕಲ್ಲ; ಸಂಜೀವಪ್ಪನವರು ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಂದರು. ಅಳತೆ ನಡೆಯಬೇಕಾದದ್ದು ಗೋಡೆಗೆ ತಾಗಿದ ಮನೆಯಲ್ಲಿ, ಅಂದರೆ ಅಧ್ಯಕ್ಷರ ನಡುಮನೆಯಲ್ಲಿ. ಬೀದಿಯೆಲ್ಲ ಅಲ್ಲೇ ಸೇರಿತು. ಮುಂದೆ ಕುರ್ಚಿಯಲ್ಲಿ ವರಲಕ್ಷ್ಮಮ್ಮ, ಪಕ್ಕದಲ್ಲಿ ಅನುಸೂಯಮ್ಮ, ಗೋಡೆಯುದ್ದಕ್ಕೂ ಚಾಪೆಯ ಮೇಲೆ ಮುನಿವೆಂಕಟಪ್ಪ ಮತ್ತಿತರ ಹಳೆಯ ನೇಕಾರರು. ಸಂಜೀವಪ್ಪನವರು ಯಂತ್ರವನ್ನು ಸ್ಟೂಲಿನ ಮೇಲಿಟ್ಟು, "ದಿನಾ ಬಾರ್ಸೋ ಹಂಗೇ ಬಾರ್ಸಕ್ಕೆ ಹೇಳಿ. ಕಡ್ಮೆ ಮಾಡಿ ಮೋಸ ಮಾಡಂಗಿಲ್ಲ" ಎಂದು ಹೇಳಿಕಳಿಸಿದರು.

ಒನ್, ಟೂ, ಥ್ರೀ. ಗೋಡೆ ಗುಂಯ್ ಎಂದಿತು.

"ನೋಡಿ ಸಾರ್, ನೋಡಿ!" ಎಂದು ಉಮಾಶಂಕರ್ ಕಿವಿಯಲ್ಲಿ ಬೆರಳಿಟ್ಟುಕೊಂಡು ಕೂಗಿದರು. "ಇದ್ರಲ್ಲಿ ಮನುಷ್ಯ ಅನ್ನೋನು ನಿದ್ದೆ ಮಾಡಕ್ಕಾಗತ್ತಾ?"

ಸಂಜೀವಪ್ಪನವರು ಯಂತ್ರ ನೋಡುತ್ತಿದ್ದರು. ಸ್ಟೀಲ್ ಲೋಟಗಳು ಕುಟುಕುಟು ಎನ್ನುತ್ತಿದ್ದವು. ವರಲಕ್ಷ್ಮಮ್ಮನ ತಲೆ ಮೆಲ್ಲಗೆ ಗೋಡೆಗೆ ತಾಗಿತು. "ನೋಡಿ, ನೋಡಿ, ಪ್ರಜ್ಞೆ ತಪ್ತಾ ಇದೆ!" ಎಂದು ಏಳಹೊರಟ ಅನುಸೂಯಮ್ಮ ಅರ್ಧಕ್ಕೆ ಆಕಳಿಸಿ, "ಅಲ್ಲ, ನಾನೇನ್ ಹೇಳ್ತಿದ್ದೆ..." ಎಂದು ವರಲಕ್ಷ್ಮಮ್ಮನ ಭುಜಕ್ಕೆ ಒರಗಿದರು. ಮುನಿವೆಂಕಟಪ್ಪನವರ ಗಡ್ಡ ಎದೆಗೆ ಇಳಿಯಿತು. ಅವರ ಪಕ್ಕದವರು ಅವರ ಮೇಲೆ, ಇವರ ಪಕ್ಕದವರು ಇವರ ಮೇಲೆ ವಾಲಿ, ಚಾಪೆಯ ಸಾಲು ಪೂರ್ತಿ ಒಂದೇ ಕಡೆಗೆ ಬಾಗಿತು. ಮಧ್ಯಾಹ್ನದ ಮುದ್ದೆಯೂ ಅದರ ಕೈಲಾದ ಸಹಾಯ ಮಾಡಿತು. ಉಮಾಶಂಕರ್ ಒಬ್ಬೊಬ್ಬರ ತೊಡೆ ಚಿವುಟುತ್ತ ಬಂದರು: "ಯಜಮಾನ್ರೇ! ಸಾಹೇಬ್ರು ನೋಡ್ತಿದಾರೆ! ಎದ್ದೇಳಿ, ನಿಮಗೆ ನಿದ್ದೆ ಬರ್ತಿಲ್ಲ!" ಈ ತುದಿಯವರು ಒಂದು ಕಣ್ಣು ತೆರೆಯುವಷ್ಟರಲ್ಲಿ ಆ ತುದಿಯವರು ಗೊರಕೆ ಹೊಡೆಯುತ್ತಿದ್ದರು. "ಅಧ್ಯಕ್ಷರೇ!" ಎಂದು ಕೊನೆಯ ಆಸೆಯಿಂದ ತಿರುಗಿದರು. ಅಧ್ಯಕ್ಷರು ಕಂಬ ತಬ್ಬಿಕೊಂಡು ಮಲಗಿದ್ದರು.

ಸಂಜೀವಪ್ಪನವರು ತಲೆಯೆತ್ತಿದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅಂಥ ಸಾಕ್ಷಿಗಳನ್ನು ಅವರು ಕಂಡಿರಲಿಲ್ಲ. ಎಚ್ಚರವಾಗಿದ್ದವರು ಉಮಾಶಂಕರ್, ಮತ್ತು ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ಶಾಮಲಾ.

"ಏನಮ್ಮಾ ಇದು?" ಎಂದು ಅವರು ಕೈಸನ್ನೆಯಲ್ಲೇ ಕೇಳಿದರು.

ಶಾಮಲಾ ಹತ್ತಿರ ಬಂದು ಕಿವಿಯಲ್ಲಿ ಕೂಗಿದಳು: "ನಿಲ್ಸಕ್ಕೆ ಹೇಳಿ ನೋಡಿ, ಸಾರ್."

ಹೇಳಿದರು. ವಾದ್ಯ ನಿಂತಿತು. ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಮರುಕ್ಷಣ ಇಡೀ ನಡುಮನೆ ದಿಗ್ಗನೆ ಎದ್ದು ಕೂತು ಒಂದೇ ಬಾಯಲ್ಲಿ ಕೇಳಿತು:

"ಕರೆಂಟ್ ಹೋಯ್ತಾ?"

ಮುನಿವೆಂಕಟಪ್ಪನವರಂತೂ ಎದ್ದು, ಇಲ್ಲದ ಮಗ್ಗದ ಸ್ವಿಚ್ಚಿಗಾಗಿ ಗೋಡೆಯನ್ನು ತಡಕಾಡಿದರು.

"ಕರೆಂಟ್ ಇದೆ ಯಜಮಾನ್ರೇ" ಎಂದರು ಸಂಜೀವಪ್ಪ. "ಯಾರಿಗೆ ನಿದ್ದೆ ಬರ್ತಿಲ್ಲ ಅಂದ್ರಿ?"

ಉಮಾಶಂಕರ್ ಅಧ್ಯಕ್ಷರನ್ನು ನೋಡಿದರು. ಈಗಲೂ ಏನಾದರೂ ಹೇಳಿ ಮಾನ ಉಳಿಸಬಹುದಿತ್ತು. ಸಾಮೂಹಿಕವಾಗಿ ಪ್ರಜ್ಞೆ ತಪ್ಪಿತು ಎಂದಾದರೂ ಹೇಳಬಹುದಿತ್ತು. ಗೋವಿಂದರಾಜು ಎದ್ದು ನಿಂತರು. ಹೆಂಡತಿ ಕಣ್ಣಲ್ಲೇ ಬೇಡ ಎಂದರು. ಆ ಕಣ್ಣ ಕೆಳಗಿನ ಕಪ್ಪು ಅವರಿಗೆ ಕಾಣಿಸಿತು.

"ಸ್ವಾಮಿ, ತಪ್ಪೆಲ್ಲಾ ನಂದು. ಇವಳು ಆವತ್ತು ಪ್ರಜ್ಞೆ ತಪ್ಪಿರ್ಲಿಲ್ಲ. ನಿದ್ದೆ ಮಾಡಿದ್ಲು. ಮಗ್ಗ ಮಾರಿದ್ಮೇಲೆ ಅದೇ ಮೊದಲ್ನೇ ನಿದ್ದೆ. ನಾನು ಬೀದೀಲಿ ದೊಡ್ಡೋನಾಗೋಣ ಅಂತ ಬಾಯಿ ಮುಚ್ಕೊಂಡಿದ್ದೆ. ನಂಗೆ ಅಧ್ಯಕ್ಷಗಿರಿ ಬೇಡ. ಆ ಸದ್ದು ನಿಲ್ಲಿಸ್ಬೇಡಿ. ಇವಳು ಮಲಗ್ಲಿ."

ವರಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಈಗ ಅನುಸೂಯಮ್ಮ ಏನನ್ನುವರೋ ಎಂದು ಎಲ್ಲರೂ ಕಾದರು. ಅನುಸೂಯಮ್ಮ ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮೆಲ್ಲನೆಯ ದನಿಯಲ್ಲಿ ಹೇಳಿದರು: "ನಂಗೂ ಹೋದ ಯುಗಾದಿಯಿಂದ ಕಣ್ಣು ಹತ್ತಿರ್ಲಿಲ್ಲ ಕಣಪ್ಪಾ. ವಯಸ್ಸಾಯ್ತು ಅಂದ್ಕೊಂಡಿದ್ದೆ. ಹೆದರ್ಕೊಂಡಿದ್ದೆ."

"ನಂಗೂ" ಎಂದರು ಮುನಿವೆಂಕಟಪ್ಪ. ಆಮೇಲೆ ಗೋಡೆಯುದ್ದಕ್ಕೂ ನಂಗೂ, ನಂಗೂ ಎಂಬ ದನಿಗಳು ಎದ್ದವು. ಒಂದೇ ಬೀದಿಯಲ್ಲಿ ಇಷ್ಟು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಅದು ತಿಳಿದಾಗ ಯಾರಿಗೂ ನಗು ಬರಲಿಲ್ಲ.

ಸಂಜೀವಪ್ಪನವರು ಯಂತ್ರ ಮಡಚಿದರು. ಬೀದಿಯ ಕಡೆಯ ಬಾಗಿಲಿಗೆ ದಪ್ಪ ಪರದೆ ಹಾಕಬೇಕು, ಹತ್ತರೊಳಗೆ, ಅದೂ ಒಮ್ಮೆಗೇ ಅಲ್ಲ, ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಬೇಕು ಎಂದು ಜಯಕುಮಾರನಿಗೆ ತಾಕೀತು ಮಾಡಿದರು. ಗೋವಿಂದರಾಜು ಅವರ ಗೋಡೆಯ ಬಗ್ಗೆ ಏನೂ ಹೇಳಲಿಲ್ಲ. "ನನ್ ಗತಿ ಏನು ಸಾರ್?" ಎಂದು ಉಮಾಶಂಕರ್ ಕೇಳಿದ್ದಕ್ಕೆ, "ಹತ್ತಿ ಇಟ್ಕೊಳಿ" ಎಂದು ಜೀಪು ಹತ್ತಿದರು.

ಅಂದು ಸಂಜೆ ಏಳಕ್ಕೆ ಗೋಡೆ ಗುಂಯ್ ಎಂದಿತು. ಮಂಚದ ಮೇಲೆ ಕೂತ ವರಲಕ್ಷ್ಮಮ್ಮ, "ಎಲ್ರ ಮುಂದೆ ಬಾಯಿ ಬಿಟ್ಕೊಂಡು ಮಲಗಿದ್ನಾ?" ಎಂದರು.

"ಎಲ್ರೂ ಮಲಗಿದ್ರು. ಯಾರೂ ನೋಡ್ಲಿಲ್ಲ."

"ನನ್ನಿಂದ ನಿಮ್ ಅಧ್ಯಕ್ಷಗಿರಿ ಹೋಯ್ತಲ್ರೀ. ಎಷ್ಟ್ ಆಸೆ ಇತ್ತು ನಿಮಗೆ."

"ಹೋಗ್ಲಿ ಬಿಡು. ನೀನು ಮಲಕ್ಕೋ."

"ನೀವು?"

"ನಾನಿಲ್ಲೇ ಕೂತಿರ್ತೀನಿ. ನಂಗಭ್ಯಾಸ ಆಗಿದೆ."

ಆ ಮಾತು ಬಾಯಿಜಾರಿ ಬಂದಿತ್ತು. ವರಲಕ್ಷ್ಮಮ್ಮ ಗಂಡನ ಮುಖವನ್ನು ನೆಟ್ಟ ನೋಟದಿಂದ ನೋಡಿದರು. ತಾನು ಹೊರಳಾಡಿದ ಅಷ್ಟೂ ದಿನ ಮಂಚದ ಪಕ್ಕದ ಕುರ್ಚಿಯಲ್ಲಿ ಈ ಮನುಷ್ಯ ಕೂತಿದ್ದದ್ದು ತನ್ನ ಜೊತೆಗೆಂದಷ್ಟೇ ಅಂದುಕೊಂಡಿದ್ದರು; ಅವರಿಗೂ ನಿದ್ದೆಯಿರಲಿಲ್ಲ ಎಂಬುದು ಈಗ ಹೊಳೆಯಿತು. ಅವರ ಕಣ್ಣ ಕೆಳಗಿನ ಕಪ್ಪನ್ನು ಯಾರೂ ನೋಡಿರಲಿಲ್ಲ. ಅವರೇ ಯಾರಿಗೂ ತೋರಿಸಿರಲಿಲ್ಲ.

"ಬನ್ನಿ ಈ ಕಡೆ" ಎಂದು ವರಲಕ್ಷ್ಮಮ್ಮ ಗೋಡೆಯ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಮಗ್ಗ ಓಡ್ತಿದೆ. ಇನ್ನೇನ್ ಕಾಯೋದಿದೆ?"

ಸ್ವಲ್ಪ ಹೊತ್ತಿಗೆ ಉಮಾಶಂಕರ್ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಆ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಹೊಸ ಅರ್ಜಿಯಿತ್ತು. ಸೋಮವಾರ ಬಾರಿಗೆ ವಾರದ ರಜೆಯೆಂದು ತಿಳಿದು ಬೀದಿ ಅಂದು ವಾದ್ಯ ಶುರುವಾಗುವ ಮೊದಲೇ ಮತ್ತೆ ಕೆರಳಿ, ಬಾಗಿಲು ಮುಚ್ಚಿದರೂ ವಾದ್ಯ ನುಡಿಯಲೇಬೇಕೆಂದು ಒತ್ತಾಯಿಸಿ ಸಮಿತಿ ಕಟ್ಟಿತ್ತು. ಗೋವಿಂದರಾಜು ಅವರನ್ನೇ ಮತ್ತೆ ಸರ್ವಾನುಮತದಿಂದ ಆರಿಸಿತ್ತು. ಕಾರ್ಯದರ್ಶಿಗಳು ಬಾಗಿಲು ತಟ್ಟಿದರು. ಕಿಟಕಿ ತಟ್ಟಿದರು. ಅಕ್ಕಪಕ್ಕದ ಮನೆಗಳನ್ನೂ ತಟ್ಟಿ ನೋಡಿದರು; ಯಾವ ಬಾಗಿಲೂ ತೆರೆಯಲಿಲ್ಲ.

"ಅಧ್ಯಕ್ಷರೇ!" ಎಂದು ಕೂಗಿದರು. "ಅಧ್ಯಕ್ಷರೇ! ಮೊದಲ್ನೇ ಸೈನ್ ತಮ್ದೇ ಅಧ್ಯಕ್ಷರೇ!"

ಒಳಗೆ ಗೋವಿಂದರಾಜು ಬಾಯಿ ತೆರೆದುಕೊಂಡು, ಹೆಂಡತಿಯ ಗೊರಕೆಗೆ ತಮ್ಮ ಗೊರಕೆಯನ್ನು ಹೊಂದಿಸಿಕೊಂಡು ಮಲಗಿದ್ದರು. ಜೀವಮಾನವಿಡೀ ಕೇಳಬೇಕೆಂದು ಆಸೆಪಟ್ಟ ಆ ಮಾತು ಅವರಿಗೆ ಕೇಳಿಸಲಿಲ್ಲ.